ಮೊದಲು ಊಹೆ, ಆಮೇಲೆ ಯಂತ್ರ: ಹೋಮ್‌ಸ್ಕೂಲ್ ಪ್ರಿಕ್ಯಾಲ್ಕುಲಸ್‌ಗೆ ಪಠ್ಯಕ್ರಮ ಮತ್ತು ಕ್ಯಾಲ್ಕುಲೇಟರ್ ಆರಿಸುವ ಬಗೆ

ನಾನು ಪಿಯುಸಿ ಓದುವಾಗ ಲೆಕ್ಕಕ್ಕೆ ನೆರವಾಗುತ್ತಿದ್ದುದು ಕ್ಲಾರ್ಕ್ಸ್ ಟೇಬಲ್ ಎಂಬ ತೆಳು ಪುಸ್ತಕ. ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಲಾಗ್ ನೋಡಿ, ಕೂಡಿಸಿ, ಆಂಟಿಲಾಗ್ ನೋಡಿ ಉತ್ತರ ಬರೆಯುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಕ್ಯಾಲ್ಕುಲೇಟರ್ ಕೈಗೆ ಬಂದದ್ದು ಎಂಜಿನಿಯರಿಂಗ್ ಸೇರಿದ ಮೇಲೆ. ಹಾಗಾಗಿ ಸಿಯಾಟಲ್ ಸಮೀಪದ ನಮ್ಮ ಮನೆಯಲ್ಲಿ ಹದಿನೈದರ ಮಗಳು ಲಾಗ್ ಅಧ್ಯಾಯದ ಮೊದಲ ಲೆಕ್ಕಕ್ಕೇ ಡೆಸ್ಮಾಸ್ ಎಂಬ ಆನ್‌ಲೈನ್ ಕ್ಯಾಲ್ಕುಲೇಟರ್ ತೆರೆದಾಗ ನನಗೆ ಸಿಟ್ಟು ಬಂತು. ಒಂದು ವಾರ ಕ್ಯಾಲ್ಕುಲೇಟರನ್ನು ಪೂರ್ತಿ ನಿಷೇಧಿಸಿದೆ. ಆ ವಾರ ಅವಳಿಗೆ ದಶಮಾಂಶಗಳ ಭಾಗಾಕಾರ ಚೆನ್ನಾಗಿ ಬಂತು, ಲಾಗ್ ಬರಲಿಲ್ಲ. ಮುಂದಿನ ವಾರ ಪೂರ್ತಿ ಬಿಟ್ಟುಕೊಟ್ಟೆ. ಗುಂಡಿ ಒತ್ತುವುದು ಬಂತು, ಲಾಗ್ ಆಗಲೂ ಬರಲಿಲ್ಲ.

ಅಲ್ಲಿಂದ ಎರಡು ವರ್ಷ ತಿದ್ದುತ್ತಾ ಬಂದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಅಮೆರಿಕದಲ್ಲಿ ಮಕ್ಕಳನ್ನು ಮನೆಯಲ್ಲೇ ಓದಿಸುತ್ತಿರುವ ಕನ್ನಡದ ಅಪ್ಪ ಅಮ್ಮಂದಿರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಪ್ರಿಕ್ಯಾಲ್ಕುಲಸ್ ಎಂದರೇನು ಎಂದು ಊರಿನ ನೆಂಟರು ಕೇಳಿದರೆ, ಹೆಚ್ಚುಕಡಿಮೆ ನಮ್ಮ ಪ್ರಥಮ ಪಿಯುಸಿ ಗಣಿತ ಎನ್ನಬಹುದು. ತ್ರಿಕೋನಮಿತಿ, ಸಂಕೀರ್ಣ ಸಂಖ್ಯೆ, ಶ್ರೇಢಿ, ಶಂಕುಜಗಳು ಎರಡರಲ್ಲೂ ಇವೆ. ಎನ್‌ಸಿಇಆರ್‌ಟಿ ಪುಸ್ತಕ ಆ ವರ್ಷವೇ ಮಿತಿ ಮತ್ತು ಅವಕಲನಕ್ಕೆ ಕಾಲಿಡುತ್ತದೆ. ಅಮೆರಿಕದ ಪಠ್ಯ ಅದರ ಬದಲು ಫಂಕ್ಷನ್‌ಗಳ ನಕ್ಷೆ ಮತ್ತು ವರ್ತನೆಯ ಮೇಲೆ ಬಹಳ ಹೊತ್ತು ನಿಲ್ಲುತ್ತದೆ. ಕ್ಯಾಲ್ಕುಲೇಟರಿನ ಜಗಳ ಹುಟ್ಟುವುದೂ ಅಲ್ಲೇ.

ಹೆಜ್ಜೆ 1: ಮಗು ಮುಂದೆ ಬರೆಯುವ ಪರೀಕ್ಷೆಯನ್ನು ಗುರುತಿಸಿ

ಪುಸ್ತಕ ಕೊಳ್ಳುವ ಮುನ್ನ ಒಂದು ಹಾಳೆಯ ಮೇಲೆ, ಮುಂದಿನ ಮೂರು ವರ್ಷಗಳಲ್ಲಿ ಮಗು ಯಾವ ಯಾವ ಬಾಗಿಲು ತಟ್ಟಬಹುದು ಎಂದು ಬರೆಯಿರಿ. ಪ್ರತಿ ಬಾಗಿಲಿಗೂ ಕ್ಯಾಲ್ಕುಲೇಟರಿನ ನಿಯಮ ಬೇರೆ.

ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆ 2024ರ ಮಾರ್ಚ್‌ನಿಂದ ಅಮೆರಿಕದಲ್ಲಿ ಪೂರ್ತಿ ಡಿಜಿಟಲ್ ಆಗಿದೆ. ಹಿಂದೆ ಇದ್ದ ಕ್ಯಾಲ್ಕುಲೇಟರ್ ರಹಿತ ಭಾಗ ಈಗಿಲ್ಲ. ಗಣಿತದ 44 ಪ್ರಶ್ನೆಗಳಿಗೂ ಯಂತ್ರ ಬಳಸಬಹುದು, ಡೆಸ್ಮಾಸ್ ಪರದೆಯಲ್ಲೇ ಇರುತ್ತದೆ. ಅಂಥದೇ ಇನ್ನೊಂದು ಪರೀಕ್ಷೆಯಾದ ಎಸಿಟಿಯ ಗಣಿತ ಭಾಗದಲ್ಲೂ ಕ್ಯಾಲ್ಕುಲೇಟರಿಗೆ ಅನುಮತಿ ಇದೆ. ಆದರೆ ಬೀಜಗಣಿತವನ್ನು ತಾನೇ ಬಿಡಿಸಿಕೊಡುವ, ಸಿಎಎಸ್ ಎಂಬ ಜಾತಿಯ ಯಂತ್ರಗಳನ್ನು ಅಲ್ಲಿ ಬಿಡುವುದಿಲ್ಲ.

ಎಪಿ ಎಂದರೆ ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಪರೀಕ್ಷೆಗಳು. ಅವುಗಳಲ್ಲಿ ಎಪಿ ಪ್ರಿಕ್ಯಾಲ್ಕುಲಸ್ ಹೊಸದು. ಮೊದಲ ಬಾರಿ ನಡೆದದ್ದು 2024ರ ಮೇ ತಿಂಗಳಲ್ಲಿ. ಅದರ ವಿನ್ಯಾಸವನ್ನು ಗಮನಿಸಿ: ಬಹು ಆಯ್ಕೆಯ 40 ಪ್ರಶ್ನೆಗಳಲ್ಲಿ 28ಕ್ಕೆ ಕ್ಯಾಲ್ಕುಲೇಟರ್ ಇಲ್ಲ, 12ಕ್ಕೆ ನಕ್ಷೆ ಬಿಡಿಸುವ ಗ್ರಾಫಿಂಗ್ ಕ್ಯಾಲ್ಕುಲೇಟರ್ ಬೇಕೇ ಬೇಕು. ಬರೆದು ಉತ್ತರಿಸುವ ನಾಲ್ಕರಲ್ಲಿ ಎರಡಕ್ಕೆ ಬೇಕು, ಎರಡಕ್ಕೆ ಇಲ್ಲ. ಅಂಕಗಳ ಲೆಕ್ಕದಲ್ಲಿ ಯಂತ್ರವಿಲ್ಲದ ಪಾಲು 62.5 ಪ್ರತಿಶತ. ನೀವು ಈ ಪರೀಕ್ಷೆಯನ್ನು ಬರೆಸದಿದ್ದರೂ ಈ ಅನುಪಾತ ಮನೆಯ ಅಭ್ಯಾಸಕ್ಕೆ ಒಳ್ಳೆಯ ಅಳತೆಗೋಲು. ನಾನಂತೂ ಅದನ್ನೇ ಹಿಡಿದಿದ್ದೇನೆ. ನಿಯಮಗಳು ಆಗಾಗ ಬದಲಾಗುವುದರಿಂದ ಆಯಾ ವರ್ಷದ ಅಧಿಕೃತ ಸೂಚನೆಯನ್ನು ಒಮ್ಮೆ ಓದಿಬಿಡಿ.

ಕಮ್ಯುನಿಟಿ ಕಾಲೇಜಿನ, ಅಂದರೆ ಊರಿನ ಸರ್ಕಾರಿ ಕಿರು ಕಾಲೇಜಿನ, ದಾರಿ ಇನ್ನೊಂದು. ನಮ್ಮ ವಾಷಿಂಗ್ಟನ್ ರಾಜ್ಯದಲ್ಲಿ ರನ್ನಿಂಗ್ ಸ್ಟಾರ್ಟ್ ಎಂಬ ಯೋಜನೆಯಡಿ 11 ಮತ್ತು 12ನೇ ತರಗತಿಯ ಮಕ್ಕಳು, ಹೋಮ್‌ಸ್ಕೂಲ್ ಮಕ್ಕಳೂ ಸೇರಿ, ಬೋಧನಾ ಶುಲ್ಕವಿಲ್ಲದೆ ಕಾಲೇಜಿನಲ್ಲಿ ಓದಬಹುದು. ಅಲ್ಲಿ ಕ್ಯಾಲ್ಕುಲೇಟರಿನ ನಿಯಮ ಅಧ್ಯಾಪಕರಿಂದ ಅಧ್ಯಾಪಕರಿಗೆ ಬದಲಾಗುತ್ತದೆ. ಗ್ರಾಫಿಂಗ್ ಯಂತ್ರವನ್ನು ಪರೀಕ್ಷೆಯಲ್ಲಿ ಮುಟ್ಟಗೊಡದ ಗಣಿತ ವಿಭಾಗಗಳು ಅನೇಕ. ಕೋರ್ಸಿನ ವಿವರಪತ್ರ ತರಿಸಿ ನೋಡಿ.

ಊರಿಗೆ ಮರಳುವ ಯೋಚನೆ ಎಲ್ಲೋ ಮೂಲೆಯಲ್ಲಿದ್ದರೂ ಅದನ್ನು ಹಾಳೆಯ ಮೇಲೆ ಬರೆಯಿರಿ. ಪಿಯುಸಿ ಗಣಿತ ಪರೀಕ್ಷೆ, ಸಿಇಟಿ, ಜೆಇಇ, ಇವು ಯಾವುದರಲ್ಲೂ ಕ್ಯಾಲ್ಕುಲೇಟರ್ ಇಲ್ಲ. ಡೆಸ್ಮಾಸ್ ನಂಬಿ ಬೆಳೆದ ಹುಡುಗ ಹನ್ನೊಂದನೆಯ ತರಗತಿಯ ನಡುವೆ ಮೈಸೂರಿನ ಕಾಲೇಜಿಗೆ ಸೇರಿದರೆ ಮೊದಲ ಮೂರು ತಿಂಗಳು ಅವನಿಗೆ ನರಕ.

ಹೆಜ್ಜೆ 2: ಮಗು ಎಲ್ಲಿ ನಿಂತಿದೆ ಎಂದು ನೋಡಿ

ಪ್ರಿಕ್ಯಾಲ್ಕುಲಸ್‌ಗೆ ಮುಂಚಿನ ಕೋರ್ಸಾದ ಆಲ್ಜಿಬ್ರಾ 2 ಮುಗಿಸಿದ್ದಾಳೆ ಎಂದ ಮಾತ್ರಕ್ಕೆ ಅದು ಬಂದಿದೆ ಎಂದಲ್ಲ. ಅರ್ಧ ಗಂಟೆ, ಪೆನ್ಸಿಲು, ಬಿಳಿ ಹಾಳೆ. ಯಂತ್ರ ಬೇಡ. ಇಂಥ ಪ್ರಶ್ನೆಗಳು ಸಾಕು:

- 2/3 − 5/4 ಎಷ್ಟು? (−7/12)
- √72 ಅನ್ನು ಸರಳಗೊಳಿಸು. (6√2)
- 8ರ 2/3 ಘಾತ ಎಷ್ಟು? (4)
- ಎಕ್ಸ್² − 5ಎಕ್ಸ್ − 6 ಅನ್ನು ಅಪವರ್ತಿಸು. (ಎಕ್ಸ್ − 6 ಮತ್ತು ಎಕ್ಸ್ + 1)
- (2, 3) ಮತ್ತು (5, −3) ಬಿಂದುಗಳ ಮೂಲಕ ಹಾಯುವ ರೇಖೆಯ ಇಳಿಜಾರು? (−2)
- ಎಕ್ಸ್² − 3ಎಕ್ಸ್ ಎಂಬ ಫಂಕ್ಷನ್‌ನಲ್ಲಿ ಎಕ್ಸ್ ಇರುವಲ್ಲೆಲ್ಲ ಎ + 1 ಹಾಕಿದರೆ? (ಎ² − ಎ − 2)

ಕೊನೆಯದೇ ನಿಜವಾದ ಪರೀಕ್ಷೆ. ಅದರಲ್ಲಿ ಎಡವುವ ಮಗುವಿಗೆ ಫಂಕ್ಷನ್ ಎಂಬ ಕಲ್ಪನೆ ಇನ್ನೂ ಕೂತಿಲ್ಲ. ಪ್ರಿಕ್ಯಾಲ್ಕುಲಸ್ ಪೂರ್ತಿ ನಿಂತಿರುವುದು ಅದರ ಮೇಲೆಯೇ. ಎರಡು ತಿಂಗಳು ಹಿಂದೆ ಸರಿದು ಆಲ್ಜಿಬ್ರಾವನ್ನು ಗಟ್ಟಿ ಮಾಡಿದರೆ ಯಾರ ಗಂಟೂ ಹೋಗುವುದಿಲ್ಲ. ಮನೆಯಲ್ಲಿ ಓದಿಸುವವರಿಗೆ ಇರುವ ದೊಡ್ಡ ಸವಲತ್ತು ಇದೇ, ಅದನ್ನೇ ನಾವು ಬಳಸುವುದಿಲ್ಲ. ಪಕ್ಕದ ಮನೆಯ ಮಗು ಒಂಬತ್ತರಲ್ಲೇ ಇದನ್ನು ಮುಗಿಸಿತಂತೆ ಎಂಬ ಸುದ್ದಿ ವಾರಾಂತ್ಯದ ಊಟದಲ್ಲಿ ಕಿವಿಗೆ ಬೀಳುತ್ತಲೇ ಇರುತ್ತದೆ.

ಹೆಜ್ಜೆ 3: ಪಠ್ಯಕ್ರಮವನ್ನು ಒಂದು ಅಧ್ಯಾಯದಿಂದ ಅಳೆಯಿರಿ

ಯಾವುದು ಎಲ್ಲಕ್ಕಿಂತ ಒಳ್ಳೆಯದು ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಹೋಮ್‌ಸ್ಕೂಲ್ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಕೆಲವನ್ನು ನಾನು ಕಂಡ ಮಟ್ಟಿಗೆ ಹೇಳುತ್ತೇನೆ.

ಸ್ಯಾಕ್ಸನ್ ಹಳೆಯ ಕಾಲದ ಶಿಸ್ತಿನದು. ಪ್ರತಿ ಪಾಠದಲ್ಲಿ ಹೊಸದು ಸ್ವಲ್ಪ, ಹಳೆಯದರ ಪುನರಾವರ್ತನೆ ಬಹಳ. ಮಗ್ಗಿ ಬಾಯಿಪಾಠ ಮಾಡಿ ಬೆಳೆದ ನಮ್ಮಂಥವರಿಗೆ ನೋಡಿದ ಕೂಡಲೇ ಹಿಡಿಸುತ್ತದೆ. ಆದರೆ ವಿಷಯಗಳು ಚೂರುಚೂರಾಗಿ ಬರುವುದರಿಂದ ಲಾಗ್‌ನ ಇಡೀ ಚಿತ್ರವನ್ನು ಒಮ್ಮೆಗೇ ಕಾಣಬಯಸುವ ಮಗುವಿಗೆ ರೇಗುತ್ತದೆ. ಆರ್ಟ್ ಆಫ್ ಪ್ರಾಬ್ಲಮ್ ಸಾಲ್ವಿಂಗ್ ಸರಣಿ ಕ್ಯಾಲ್ಕುಲೇಟರನ್ನು ನೆಚ್ಚುವುದೇ ಇಲ್ಲ. ಲೆಕ್ಕ ಮೊದಲು, ವಿವರಣೆ ಆಮೇಲೆ. ಒಂದು ಎಚ್ಚರಿಕೆ: ಅದರ ಪ್ರಿಕ್ಯಾಲ್ಕುಲಸ್ ಪುಸ್ತಕದಲ್ಲಿರುವುದು ತ್ರಿಕೋನಮಿತಿ, ಸಂಕೀರ್ಣ ಸಂಖ್ಯೆ, ಸದಿಶ ಮತ್ತು ಮಾತೃಕೆಗಳು. ಲಾಗ್, ಶಂಕುಜ, ಶ್ರೇಢಿಗಳು ಅದರ ಹಿಂದಿನ ಇಂಟರ್‌ಮೀಡಿಯೆಟ್ ಆಲ್ಜಿಬ್ರಾ ಪುಸ್ತಕದಲ್ಲಿವೆ. ಹೆಸರು ನೋಡಿ ಒಂದನ್ನೇ ಕೊಂಡರೆ ಅರ್ಧ ಪಠ್ಯ ತಪ್ಪಿಹೋಗುತ್ತದೆ. ಆ ತಪ್ಪನ್ನು ನಾನೇ ಮಾಡಿದ್ದೇನೆ.

ಟೀಚಿಂಗ್ ಟೆಕ್ಸ್ಟ್‌ಬುಕ್ಸ್‌ನಲ್ಲಿ ಪಾಠವೂ ಅಂಕ ಕೊಡುವುದೂ ಕಂಪ್ಯೂಟರಿನಲ್ಲೇ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಅನುಕೂಲ, ಎಂಜಿನಿಯರಿಂಗ್ ಓದಬೇಕೆಂದಿರುವ ಮಗುವಿಗೆ ಸ್ವಲ್ಪ ಹಗುರ ಎನಿಸಬಹುದು. ದುಡ್ಡು ಖರ್ಚು ಮಾಡುವ ಮುನ್ನ ಉಚಿತವಾದವನ್ನು ನೋಡಿ. ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್‌ನ ಪ್ರಿಕ್ಯಾಲ್ಕುಲಸ್ ಪುಸ್ತಕವನ್ನು ಹಾಗೇ ಇಳಿಸಿಕೊಳ್ಳಬಹುದು. ನಕ್ಷೆ ತಂತ್ರಜ್ಞಾನಕ್ಕೆಂದೇ ಬೇರೆ ಮಾಡಿದ ಲೆಕ್ಕಗಳು ಅದರಲ್ಲಿವೆ, ಆದ್ದರಿಂದ ಎಲ್ಲಿ ಯಂತ್ರ ಕೊಡಬೇಕು ಎಂಬುದು ನಿಮಗೆ ಗೊತ್ತಾಗುತ್ತದೆ. ಅದಕ್ಕೆ ಖಾನ್ ಅಕಾಡೆಮಿಯ ವಿಡಿಯೊ ಜೋಡಿಸಿದರೆ ಕಾಸಿಲ್ಲದೆ ಒಂದು ವರ್ಷದ ಪಾಠ ಸಿದ್ಧ. ನಾವು ಕೊನೆಗೆ ನಿಂತದ್ದು ಇಲ್ಲೇ, ಜೊತೆಗೆ ಊರಿಂದ ತರಿಸಿದ ಎನ್‌ಸಿಇಆರ್‌ಟಿ ಹನ್ನೊಂದನೆಯ ತರಗತಿಯ ಪುಸ್ತಕ. ತ್ರಿಕೋನಮಿತಿಯ ನಿತ್ಯಸಮೀಕರಣಗಳನ್ನು ಕೈಯಲ್ಲಿ ತಿಕ್ಕಿಸಲು ಆ ಪುಸ್ತಕದಷ್ಟು ಅಗ್ಗದ ಸಾಣೆಕಲ್ಲು ಬೇರೆ ಇಲ್ಲ.

ಯಾವುದನ್ನೇ ಆರಿಸಿ, ಮೊದಲು ಅದರ ಲಾಗ್ ಅಧ್ಯಾಯದ ಮಾದರಿಯನ್ನು ತೆರೆದು ಹೀಗೆ ಪರೀಕ್ಷಿಸಿ. ಲಾಗ್ ಎಂದರೆ ಘಾತ ಎಂಬ ಮಾತು ಗುಂಡಿಗಿಂತ ಮುಂಚೆ ಬಂದಿದೆಯೇ? ಬುಡ 2 ಇರುವಾಗ 32ರ ಲಾಗ್ 5 ಎಂಬಂಥ, ಬಾಯಲ್ಲೇ ಹೇಳಬಹುದಾದ ಲೆಕ್ಕಗಳು ಒಂದು ಪುಟದಷ್ಟಾದರೂ ಇವೆಯೇ? ಉತ್ತರ ಪುಸ್ತಕದಲ್ಲಿ ಬರೀ ಉತ್ತರವಿದೆಯೋ ಬಿಡಿಸಿದ ಹಂತಗಳಿವೆಯೋ? ಕೊನೆಯದು ಸಣ್ಣ ಸಂಗತಿ ಎನಿಸಬಹುದು. ರಾತ್ರಿ ಒಂಬತ್ತಕ್ಕೆ ಕಚೇರಿಯ ಕೆಲಸ ಮುಗಿಸಿ ಮಗಳ ಪುಸ್ತಕ ತೆರೆದಾಗ ಅದರ ಬೆಲೆ ತಿಳಿಯುತ್ತದೆ.

ಹೆಜ್ಜೆ 4: ಯಂತ್ರವನ್ನು ಕೊಳ್ಳುವುದು

ಇದರಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ದಿನದ ಲೆಕ್ಕಕ್ಕೆ ಸಾಮಾನ್ಯ ಸೈಂಟಿಫಿಕ್ ಕ್ಯಾಲ್ಕುಲೇಟರ್ ಸಾಕು, ಊರಿನ ಎಂಜಿನಿಯರಿಂಗ್ ಹುಡುಗರ ಚೀಲದಲ್ಲಿರುವ ಕ್ಯಾಸಿಯೋ 991 ಧಾರಾಳವಾಯಿತು. ಅದು ನಕ್ಷೆ ಬಿಡಿಸುವುದಿಲ್ಲ, ಹಾಗಾಗಿ ಎಪಿಗೆ ಸಾಲದು. ನಕ್ಷೆಗೆ ಮನೆಯಲ್ಲಿ ಡೆಸ್ಮಾಸ್ ಅಥವಾ ಜಿಯೋಜಿಬ್ರಾ, ಎರಡೂ ಉಚಿತ. ಕೈಯಲ್ಲಿ ಹಿಡಿಯುವ ಗ್ರಾಫಿಂಗ್ ಯಂತ್ರ ಬೇಕಾದರೆ ಹೆಚ್ಚಿನ ಪಠ್ಯಗಳು ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಟಿಐ 84 ಪ್ಲಸ್ ಸಿಇ ಇದೆಯೆಂದು ಭಾವಿಸಿಯೇ ಸೂಚನೆ ಬರೆದಿರುತ್ತವೆ. ಹೊಸದಕ್ಕೆ ನೂರು ಡಾಲರಿಗೂ ಹೆಚ್ಚು. ಹಳೆಯದು ಕೊಂಡರೆ ತಪ್ಪೇನಿಲ್ಲ, ಮೇಜಿನ ಡ್ರಾಯರಿನಲ್ಲಿ ಅದು ಸುಮ್ಮನೆ ಬಿದ್ದಿರುವ ಮನೆಗಳು ಎಷ್ಟೋ ಇವೆ. ಕ್ಯಾಸಿಯೋದ 9750 ಸರಣಿ ಇನ್ನೂ ಅಗ್ಗ. ಸಿಎಎಸ್ ಯಂತ್ರ ಈ ಹಂತದಲ್ಲಿ ಬೇಡವೇ ಬೇಡ. ಮಗು ಕಲಿಯಬೇಕಾದ ಅಪವರ್ತನವನ್ನು ಅದೇ ಮಾಡಿ ಕೊಟ್ಟುಬಿಡುತ್ತದೆ.

ಹೆಜ್ಜೆ 5: ಮೊದಲ ವಾರ ಯಂತ್ರದ ಸುಳ್ಳುಗಳನ್ನು ಪರಿಚಯಿಸಿ

ಕ್ಯಾಲ್ಕುಲೇಟರಿನ ಜೊತೆ ಬರುವ ಕೈಪಿಡಿ ಓದಿಸುವುದಕ್ಕಿಂತ, ಅದು ಮೋಸಹೋಗುವ ಜಾಗಗಳನ್ನು ಮಗುವೇ ಕಂಡುಹಿಡಿಯಲಿ. ಮಕ್ಕಳಿಗೆ ಇದು ತುಂಬ ಇಷ್ಟ.

ಮೊದಲ ದಿನ ಸೈನ್ 30 ಕೇಳಿ. ಕ್ಯಾಸಿಯೋ ಸೈಂಟಿಫಿಕ್ ಯಂತ್ರ 0.5 ಎನ್ನುತ್ತದೆ, ಡೆಸ್ಮಾಸ್ −0.988 ಎನ್ನುತ್ತದೆ. ಎರಡೂ ಸರಿ. ಒಂದು 30 ಡಿಗ್ರಿ ಎಂದು ಓದಿಕೊಂಡಿತು, ಇನ್ನೊಂದು ಕೋನದ ಬೇರೊಂದು ಅಳತೆಯಾದ ರೇಡಿಯನ್‌ನಲ್ಲಿ 30 ಎಂದು. ಹೊಸ ಯಂತ್ರ ಯಾವ ಸ್ಥಿತಿಯಲ್ಲಿದೆ ಎಂದು ತಿಳಿಯಲು ನಮ್ಮ ಮನೆಯಲ್ಲಿ ಈಗಲೂ ಮೊದಲು ಒತ್ತುವುದು ಇದನ್ನೇ.

ಎರಡನೆಯ ದಿನ ಋಣ ಚಿಹ್ನೆ. −3² ಎಂದು ಒತ್ತಿದರೆ −9 ಬರುತ್ತದೆ, ಕಂಸದೊಳಗೆ −3 ಹಾಕಿ ವರ್ಗ ಮಾಡಿದರೆ 9. ಟಿಐ ಯಂತ್ರದಲ್ಲಿ ಕಳೆಯುವ ಗುಂಡಿ ಬೇರೆ, ಋಣ ಚಿಹ್ನೆಯ ಗುಂಡಿ ಬೇರೆ. ಇದೊಂದನ್ನು ಕಲಿಯದೆ ಕಣ್ಣೀರು ಹಾಕಿದ ಮಕ್ಕಳು ಬಹಳ.

ಆಮೇಲೆ ವಿಲೋಮ. ಸೈನ್ ಮೇಲೆ −1 ಬರೆದ ಗುಂಡಿ ಕೊಸೀಕೆಂಟ್, ಅಂದರೆ 1 ಭಾಗಿಸು ಸೈನ್, ಅಲ್ಲ. ಅದಕ್ಕೆ 0.5 ಕೊಟ್ಟರೆ 30° ಮಾತ್ರ ಹೇಳುತ್ತದೆ, 150° ಕೂಡ ಉತ್ತರವೆಂದು ಹೇಳುವುದೇ ಇಲ್ಲ. ಅದನ್ನು ಏಕಮಾನ ವೃತ್ತದ (ತ್ರಿಜ್ಯ 1 ಇರುವ ವೃತ್ತದ) ಚಿತ್ರದಿಂದ ಮಗುವೇ ತೆಗೆಯಬೇಕು.

ನಕ್ಷೆಯ ಕಿಟಕಿಗೆ ಒಂದಿಡೀ ದಿನ ಕೊಡಿ. ಎಕ್ಸ್³ − 100ಎಕ್ಸ್ ಅನ್ನು ಎರಡೂ ಅಕ್ಷಗಳಲ್ಲಿ −10ರಿಂದ 10ರವರೆಗಿನ ಕಿಟಕಿಯಲ್ಲಿ ಬಿಡಿಸಿದರೆ ಮೂರು ನೆಟ್ಟಗಿನ ಗೆರೆಗಳು ಕಾಣುತ್ತವೆ. ಆ ವಕ್ರರೇಖೆಯ ಗುಡ್ಡ ಇರುವುದು ಸುಮಾರು 385ರ ಎತ್ತರದಲ್ಲಿ. ಕಿಟಕಿಯಿಂದ ಬರೀ ತೆಂಗಿನ ಕಾಂಡ ನೋಡಿ ಮರದಲ್ಲಿ ಕಾಯಿ ಇಲ್ಲ ಎಂದ ಹಾಗೆ. ಹಾಗೆಯೇ ಎಕ್ಸ್² − 4 ಅನ್ನು ಎಕ್ಸ್ − 2ರಿಂದ ಭಾಗಿಸಿದ ನಕ್ಷೆ ಸಲೀಸಾದ ಸರಳರೇಖೆಯಂತೆ ತೋರುತ್ತದೆ, ಎಕ್ಸ್ 2 ಇರುವಲ್ಲಿನ ತೂತು ಕಣ್ಣಿಗೆ ಬೀಳುವುದಿಲ್ಲ. ಕೋಷ್ಟಕ ತೆರೆದರೆ ಮಾತ್ರ ಆ ಸಾಲಿನಲ್ಲಿ ಯಂತ್ರ ಕೈಚೆಲ್ಲುವುದು ತಿಳಿಯುತ್ತದೆ.

ಕೊನೆಯದು ನನ್ನ ಮೆಚ್ಚಿನದು. ಎಕ್ಸ್² + 1ರ ವರ್ಗಮೂಲದಿಂದ ಎಕ್ಸ್ ಕಳೆಯಿರಿ, ಎಕ್ಸ್ ಬದಲು 10 ಕೋಟಿ ಹಾಕಿ. ಯಂತ್ರ 0 ಎನ್ನುತ್ತದೆ. ಸೊನ್ನೆ ಆಗಲು ಸಾಧ್ಯವೇ ಇಲ್ಲ ಎಂಬುದು ಎಂಥವರಿಗೂ ಗೊತ್ತು, ಆ ವರ್ಗಮೂಲ ಎಕ್ಸ್‌ಗಿಂತ ತುಸುವಾದರೂ ದೊಡ್ಡದು. 17 ಅಂಕಿಗಳ ಸಂಖ್ಯೆಯ ತುದಿಯ 1 ಯಂತ್ರದ ನೆನಪಿನಲ್ಲಿ ಹಿಡಿಸದೆ ಉದುರಿಹೋಯಿತು. ಈಗ ಹಳೆಯ ಕೈಚಳಕ ಬಳಸಿ: ವರ್ಗಮೂಲ ಮತ್ತು ಎಕ್ಸ್‌ನ ಮೊತ್ತದಿಂದ ಮೇಲೂ ಕೆಳಗೂ ಗುಣಿಸಿದರೆ ಮೇಲೆ 1, ಕೆಳಗೆ ಆ ಮೊತ್ತ ಉಳಿಯುತ್ತದೆ. ಅದೇ ಯಂತ್ರ ಈಗ 0.000000005 ಎಂಬ ಸರಿಯಾದ ಉತ್ತರ ಕೊಡುತ್ತದೆ. ಇಂಥ ಗುಣಾಕಾರ ಯಾಕಮ್ಮ ಎಂದು ಮಗಳು ಆಮೇಲೆ ಕೇಳಲಿಲ್ಲ.

ಹೆಜ್ಜೆ 6: ದಿನದ ಕ್ರಮ

ನಮ್ಮ ನಿಯಮ ಒಂದೇ: ಯಂತ್ರ ಮುಟ್ಟುವ ಮುನ್ನ ಉತ್ತರದ ಒಂದು ಊಹೆ ಹಾಳೆಯ ಮೇಲೆ ಬಿದ್ದಿರಬೇಕು. ಅಂದಾಜು ಅಂಕಿಯಾದರೂ ಸರಿ, ನಕ್ಷೆಯ ಒರಟು ಗೀಟಾದರೂ ಸರಿ. ಆಮೇಲೆ ಯಂತ್ರ. ಎರಡೂ ಹೊಂದದಿದ್ದರೆ ಯಾಕೆ ಎಂದು ಒಂದು ವಾಕ್ಯ.

ಒಂದು ಲೆಕ್ಕದಲ್ಲಿ ಇದನ್ನು ನೋಡಿ. 2ರ ಎಕ್ಸ್ ಘಾತವೂ ಎಕ್ಸ್‌ನ ವರ್ಗವೂ ಯಾವಾಗ ಸಮ? ಕೈಯಲ್ಲಿ ಹುಡುಕಿದರೆ 2 ಸಿಗುತ್ತದೆ, ತುಸು ತಾಳ್ಮೆಯಿದ್ದರೆ 4 ಕೂಡ. ಮಗಳು ಅಲ್ಲಿಗೆ ನಿಲ್ಲಿಸಿದಳು. ನಾನು ಕೇಳಿದ್ದು ಇಷ್ಟೇ: ಋಣ ಭಾಗದಲ್ಲಿ ಎರಡು ರೇಖೆಗಳೂ ಹೇಗಿವೆ ಗೀಚು. ಎಕ್ಸ್ 0 ಇರುವಾಗ ಘಾತ 1, ವರ್ಗ 0. ಎಕ್ಸ್ −1 ಇರುವಾಗ ಘಾತ ಅರ್ಧ, ವರ್ಗ 1. ನಡುವೆ ಎಲ್ಲೋ ಎರಡೂ ದಾಟಿರಲೇಬೇಕು. ಊಹೆ: −1 ಮತ್ತು 0ರ ನಡುವೆ ಮೂರನೆಯದು. ಈಗ ಟಿಐ ಯಂತ್ರ ತೆರೆದು ಮಾಮೂಲು ಕಿಟಕಿಯಲ್ಲಿ ಬಿಡಿಸಿದಳು. −0.77 ಹತ್ತಿರ ಒಂದು, 2ರಲ್ಲಿ ಒಂದು. ಎಣಿಸಿದರೆ ಎರಡೇ! 4ರಲ್ಲಿ ರೇಖೆಗಳು ಕೂಡುವ ಬಿಂದು 16ರ ಎತ್ತರದಲ್ಲಿದೆ, ಕಿಟಕಿ 10ಕ್ಕೇ ಮುಗಿದಿದೆ. ಕೈಗೆ ಸಿಗದ್ದನ್ನು ಯಂತ್ರ ಕೊಟ್ಟಿತು, ಕೈಗೆ ಸಿಕ್ಕಿದ್ದನ್ನು ಮುಚ್ಚಿಟ್ಟಿತು. ಆ ಮಧ್ಯಾಹ್ನದ ನಂತರ ನಿಷೇಧದ ಜಗಳ ನಮ್ಮ ಮನೆಯಲ್ಲಿ ನಡೆದಿಲ್ಲ.

ಪೂರ್ತಿ ಕೈಯಲ್ಲೇ ಆಗಬೇಕಾದವು: ಏಕಮಾನ ವೃತ್ತದ ವಿಶೇಷ ಕೋನಗಳು, ಅಪವರ್ತನ, ಲಾಗ್ ನಿಯಮಗಳು, ನಕ್ಷೆಯನ್ನು ಸರಿಸುವುದು ಮತ್ತು ಹಿಗ್ಗಿಸುವುದು, ನಿತ್ಯಸಮೀಕರಣಗಳ ಸಾಧನೆ. ಕೊಸೈನ್ 30°ಗೆ √3/2 ಎಂದೇ ಬರೆಯಬೇಕು, 0.866 ಎಂದು ಬರೆದರೆ ಅಂಕವಿಲ್ಲ. ಯಂತ್ರಕ್ಕೆ ಬಿಡಬಹುದಾದವು: ಅಪವರ್ತನಕ್ಕೆ ಬಗ್ಗದ ಬಹುಪದೋಕ್ತಿಗಳ ಶೂನ್ಯತೆಗಳು, ಎರಡು ನಕ್ಷೆಗಳು ಕೂಡುವ ಬಿಂದು, ದತ್ತಾಂಶಕ್ಕೆ ವಕ್ರರೇಖೆ ಹೊಂದಿಸುವುದು. ನಡುವಿನವೂ ಇವೆ. ವರ್ಷಕ್ಕೆ 5 ಪ್ರತಿಶತ ಚಕ್ರಬಡ್ಡಿಯಲ್ಲಿ ದುಡ್ಡು ಎಷ್ಟು ವರ್ಷಕ್ಕೆ ಇಮ್ಮಡಿ? 72ರ ಅಂದಾಜು ಸೂತ್ರದಂತೆ 72ನ್ನು ಬಡ್ಡಿದರ 5ರಿಂದ ಭಾಗಿಸಿ 14.4 ಎಂದು ಊಹೆ, ಲಾಗ್ ಬಳಸಿ ಸಮೀಕರಣ ಕೈಯಲ್ಲಿ, ಕೊನೆಯ ಭಾಗಾಕಾರ ಮಾತ್ರ ಯಂತ್ರದಲ್ಲಿ: 14.2.

ವಕ್ರರೇಖೆ ಹೊಂದಿಸಲು ಪುಸ್ತಕದ ಸಪ್ಪೆ ದತ್ತಾಂಶ ಬೇಡ. ಸಿಯಾಟಲ್ ಮತ್ತು ಬೆಂಗಳೂರಿನ ಹಗಲಿನ ಉದ್ದವನ್ನು ತಿಂಗಳಿಗೊಂದರಂತೆ ಹನ್ನೆರಡು ದಿನಾಂಕಗಳಿಗೆ ಬರೆದುಕೊಂಡು ಸೈನ್ ರೇಖೆ ಹೊಂದಿಸಿದೆವು. ಸಿಯಾಟಲ್‌ನಲ್ಲಿ ಹಗಲು ಸುಮಾರು ಎಂಟೂವರೆ ಗಂಟೆಯಿಂದ ಹದಿನಾರರವರೆಗೆ ತೂಗಾಡುತ್ತದೆ. 13ನೇ ಅಕ್ಷಾಂಶದ ಬೆಂಗಳೂರಿನಲ್ಲಿ ಎತ್ತ ನೋಡಿದರೂ ಹನ್ನೆರಡಕ್ಕಿಂತ ಮುಕ್ಕಾಲು ಗಂಟೆಯಷ್ಟೇ ಅತ್ತಿತ್ತ. ಅವಧಿ ಎರಡಕ್ಕೂ ಒಂದೇ, ವಿಸ್ತಾರ ಮಾತ್ರ ಬೇರೆ. ಚಳಿಗಾಲದಲ್ಲಿ ಫೋನು ಮಾಡಿದಾಗಲೆಲ್ಲ ಇಷ್ಟು ಬೇಗ ಕತ್ತಲಾಯಿತೇ ಎಂದು ಅಜ್ಜಿ ಕೇಳುತ್ತಿದ್ದುದಕ್ಕೆ ಮೊಮ್ಮಗಳು ಸೈನ್ ರೇಖೆಯಲ್ಲಿ ಉತ್ತರ ಕೊಟ್ಟಳು. ಅಜ್ಜಿ ಎಷ್ಟು ಒಪ್ಪಿದರೋ ತಿಳಿಯದು.

ಹೆಜ್ಜೆ 7: ಪರೀಕ್ಷೆ ಮತ್ತು ದಾಖಲೆ

ಅಧ್ಯಾಯಕ್ಕೊಂದು ಪರೀಕ್ಷೆಯನ್ನು ಎರಡು ಹಾಳೆಗಳಲ್ಲಿ ಕೊಡಿ. ಯಂತ್ರವಿಲ್ಲದ ಹಾಳೆ ಮೊದಲು. ಅದನ್ನು ಒಪ್ಪಿಸಿದ ಮೇಲೆಯೇ ಎರಡನೆಯದು ಮತ್ತು ಕ್ಯಾಲ್ಕುಲೇಟರ್. ಎರಡರ ಅಂಕಗಳನ್ನು ಬೇರೆ ಬೇರೆ ಬರೆದಿಡಿ. ಮೊದಲ ಹಾಳೆಯ ಅಂಕ ಸತತವಾಗಿ ಕೆಳಗಿದ್ದರೆ ಯಂತ್ರ ಅವಳ ಬದಲು ಯೋಚಿಸುತ್ತಿದೆ. ಎರಡನೆಯದು ಕೆಳಗಿದ್ದರೆ ಗುಂಡಿಗಳ ಅಭ್ಯಾಸ ಸಾಲದು, ಅದು ಒಂದು ವಾರದ ಕೆಲಸ.

ದಾಖಲೆಯ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನ್ಯೂಯಾರ್ಕ್‌ನಲ್ಲಿ ವರ್ಷದ ಯೋಜನೆ ಮತ್ತು ಮೂರು ತಿಂಗಳಿಗೊಮ್ಮೆ ವರದಿ ಕೊಡಬೇಕು, ಟೆಕ್ಸಾಸ್‌ನಲ್ಲಿ ಅಂಥದ್ದೇನೂ ಕೇಳುವುದಿಲ್ಲ. ಎಲ್ಲಿದ್ದರೂ ಪಠ್ಯದ ಹೆಸರು, ಮುಗಿಸಿದ ಅಧ್ಯಾಯಗಳು, ಈ ಎರಡು ಬಗೆಯ ಅಂಕಗಳು ಒಂದು ಕಡತದಲ್ಲಿರಲಿ. ಮುಂದೆ ಕಾಲೇಜಿಗೆ ಅಂಕಪಟ್ಟಿ ಬರೆದುಕೊಡುವವರು ನೀವೇ.

ಎಪಿ ಬರೆಸುವುದಾದರೆ ಪರೀಕ್ಷೆ ಮೇ ತಿಂಗಳಲ್ಲವೇ ಎಂದು ಕೂರಬೇಡಿ. ಹೋಮ್‌ಸ್ಕೂಲ್ ಮಗುವಿಗೆ ಸ್ಥಳ ಕೊಡಲು ಒಪ್ಪುವ ಶಾಲೆಯನ್ನು ನೀವೇ ಹುಡುಕಬೇಕು, ಶಾಲೆಗಳು ಪ್ರಶ್ನೆಪತ್ರಿಕೆಗೆ ಬೇಡಿಕೆ ಸಲ್ಲಿಸುವುದು ನವೆಂಬರ್ ಮಧ್ಯಕ್ಕೆಲ್ಲ. ಸೆಪ್ಟೆಂಬರಿನಲ್ಲೇ ಹತ್ತಿರದ ಮೂರು ನಾಲ್ಕು ಶಾಲೆಗಳ ಎಪಿ ಸಂಯೋಜಕರಿಗೆ ಪತ್ರ ಬರೆಯಿರಿ. ಒಂದು ಶಾಲೆಯಿಂದ ನನಗೆ ಉತ್ತರವೇ ಬರಲಿಲ್ಲ, ಎರಡನೆಯದು ಜಾಗವಿಲ್ಲ ಎಂದಿತು, ಮೂರನೆಯದು ಒಂದೇ ದಿನದಲ್ಲಿ ಒಪ್ಪಿತು. ಪರೀಕ್ಷೆಯ ಹಿಂದಿನ ರಾತ್ರಿ ಯಂತ್ರವನ್ನು ಚಾರ್ಜಿಗೆ ಹಾಕಿ, ಬೆಳಿಗ್ಗೆ ಹೊರಡುವ ಮುನ್ನ ಸೈನ್ 30 ಒಂದು ಸಲ ಒತ್ತಿಸಿ.